ಸ್ಕ್ರೇಪಿ ಪರೀಕ್ಷೆಗೆ ಮಿದುಳಿನ ಮಾದರಿ: ಎಲ್ಲಿ ಕತ್ತರಿಸಬೇಕು, ಯಾವುದರಲ್ಲಿ ಇಡಬೇಕು

ಸ್ಕ್ರೇಪಿ ಎಂದರೆ ಕುರಿ, ಮೇಕೆಗಳ ಮಿದುಳನ್ನು ಕೆಡಿಸಿ ಕೊಲ್ಲುವ ಕಾಯಿಲೆ. ಇದಕ್ಕೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ ಇಲ್ಲ. ರೋಗ ತರುವ ಪ್ರಿಯಾನ್ ಕುರಿಯ ಸ್ವಂತ ಪ್ರೋಟೀನೇ, ಮಡಿಕೆ ಮಾತ್ರ ಬೇರೆ. ಹಾಗಾಗಿ ದೇಹ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ, ಪ್ರತಿಕಾಯ ಕಟ್ಟುವುದಿಲ್ಲ, ಜ್ವರವೂ ಬರುವುದಿಲ್ಲ. ರೋಗ ಇದೆಯೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುವುದು ಹೆಬ್ಬೆರಳಿನ ತುದಿಯಷ್ಟು ಮಿದುಳಿನ ಚೂರು. ಆ ಚೂರನ್ನು ಒಂದೆರಡು ಸೆಂ.ಮೀ. ಆಚೆ ಕತ್ತರಿಸಿದರೆ, ಅಥವಾ ತಪ್ಪು ದ್ರಾವಣದಲ್ಲಿ ಹಾಕಿಟ್ಟರೆ, ಮುಂದೆ ಎಂಥ ಪ್ರಯೋಗಾಲಯವೂ ಅದನ್ನು ಸರಿಪಡಿಸಲಾರದು.

ಈ ಕಾಯಿಲೆ ಬ್ರಿಟನ್ನಿನಲ್ಲಿ 1732ರಿಂದಲೂ ಗೊತ್ತು. ನಮ್ಮಲ್ಲೂ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಕಂಡುಬಂದ ವರದಿ 1961ರಲ್ಲೇ ಪ್ರಕಟವಾಗಿದೆ. ಸಾಮಾನ್ಯವಾಗಿ 2ರಿಂದ 5 ವರ್ಷದ ಪ್ರಾಣಿಗಳಲ್ಲಿ ಲಕ್ಷಣ ಕಾಣುತ್ತದೆ. ಮೈಯನ್ನು ಕಂಬಕ್ಕೆ, ಬೇಲಿಗೆ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಹೋಗುವುದು, ಸೊಂಟದ ಮೇಲೆ ಕೆರೆದರೆ ತುಟಿ ಚಪ್ಪರಿಸುವುದು, ಹಿಂಗಾಲು ತಡವರಿಸುವುದು, ಮೇವು ತಿಂದರೂ ಸೊರಗುವುದು. ಮೇಕೆಗಳಲ್ಲಿ ತುರಿಕೆ ಅಷ್ಟಾಗಿ ಎದ್ದು ಕಾಣದಿರಬಹುದು. ಕಜ್ಜಿ, ಹೇನು, ಲಿಸ್ಟೀರಿಯಾ, ಗಬ್ಬದ ಕೊನೆಯ ದಿನಗಳ ಕೀಟೋನ್ ವಿಷ ಇವೆಲ್ಲ ಹೀಗೇ ಕಂಡು ದಾರಿ ತಪ್ಪಿಸುತ್ತವೆ.

ಭಾರತದಲ್ಲಿ ತಲೆ ಬಿಚ್ಚುವ ಮೊದಲು ಯೋಚಿಸಬೇಕಾದದ್ದು ರೇಬೀಸ್. ತಡವರಿಸುವ, ಜೊಲ್ಲು ಸುರಿಸುವ, ತನ್ನ ಮೈಯನ್ನೇ ಕಚ್ಚಿಕೊಳ್ಳುವ ಕುರಿಯನ್ನು ಮೊದಲು ರೇಬೀಸ್ ಎಂದೇ ಭಾವಿಸಿ. ರೇಬೀಸ್ ಲಸಿಕೆ ಮುಂಚಿತವಾಗಿ ಹಾಕಿಸಿಕೊಂಡ ಪಶುವೈದ್ಯರು ಮಾತ್ರ ಕೈ ಹಾಕಲಿ. ಎರಡು ಜೊತೆ ಕೈಗವಸು, ಒಳಗೆ ಕೊಯ್ತ ತಡೆಯುವ ಗವಸು, ಮುಖಪರದೆ, ರಬ್ಬರ್ ಏಪ್ರನ್ ಬೇಕೇಬೇಕು. ವಿದ್ಯುತ್ ಗರಗಸ ಬೇಡ, ಅದು ಮಿದುಳನ್ನು ತುಂತುರಾಗಿ ಗಾಳಿಗೆ ಎರಚುತ್ತದೆ. ರೇಬೀಸ್ ಪರೀಕ್ಷೆಗೂ ಮಿದುಳುಕಾಂಡ (ಮಿದುಳು ಬೆನ್ನುಹುರಿಗೆ ಸೇರುವ ಭಾಗ) ಮತ್ತು ಸೆರೆಬೆಲ್ಲಮ್ (ಹಿಂದಿನ ಕಿರುಮಿದುಳು) ತಾಜಾ ರೂಪದಲ್ಲೇ ಬೇಕು. ಆದ್ದರಿಂದ ಒಂದೇ ಸಲಕ್ಕೆ ಎರಡಕ್ಕೂ ಸಾಲುವಷ್ಟು ತೆಗೆಯಿರಿ.

ಬುರುಡೆ ಒಡೆಯದೆ ಒಬೆಕ್ಸ್ ತೆಗೆಯುವುದು

ಒಬೆಕ್ಸ್ ಎಂದರೆ ಮಿದುಳುಕಾಂಡದ ಮೇಲ್ಮೈಯಲ್ಲಿ ನಾಲ್ಕನೆಯ ಕುಹರ (ಮಿದುಳಿನೊಳಗಿನ ದ್ರವ ತುಂಬಿದ ಟೊಳ್ಳು) ಕಿರಿದಾಗಿ ಬೆನ್ನುಹುರಿಯ ನಾಳಕ್ಕೆ ಇಳಿಯುವ ಜಾಗ. ಅಲ್ಲಿ ಎರಡು ಅಂಚುಗಳು ಕೂಡಿ ನೇಗಿಲ ಮೊನೆಯಂತೆ ಚೂಪಾಗುತ್ತವೆ. ಇದೇ ಜಾಗ ಏಕೆಂದರೆ, ಬಾಯಿಂದ ಹೊಕ್ಕ ಪ್ರಿಯಾನ್ ಮೊದಲು ಕರುಳಿನ ದುಗ್ಧ ಅಂಗಾಂಶದಲ್ಲಿ ಬೆಳೆದು, ಕರುಳಿನ ನರಗಳನ್ನು ಹಿಡಿದು, ವೇಗಸ್ ನರದ ಮೂಲಕ ಮೇಲೇರುತ್ತದೆ. ಆ ನರದ ಡಾರ್ಸಲ್ ಮೋಟಾರ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪು ಒಬೆಕ್ಸ್‌ನ ಮಟ್ಟದಲ್ಲಿ, ನಡುಗೆರೆಯ ಎರಡೂ ಪಕ್ಕದಲ್ಲಿದೆ. ಮಿದುಳಿನಲ್ಲಿ ಪ್ರಿಯಾನ್ ಮೊದಲು ಜಮೆಯಾಗುವ ತಾಣಗಳಲ್ಲಿ ಅದೊಂದು.

ತಲೆಯನ್ನು ಮೊದಲ ಕತ್ತಿನ ಮೂಳೆ ಮತ್ತು ಬುರುಡೆಯ ನಡುವಿನ ಕೀಲಿನಲ್ಲಿ ಬೇರ್ಪಡಿಸಿ. ಕತ್ತಿನ ಮಧ್ಯೆ ಕಡಿದರೆ ಮೂಳೆ ಅಡ್ಡ ಬಂದು ಚಮಚ ಒಳಹೋಗುವುದಿಲ್ಲ. ಕೀಲಿನ ಮೇಲೆ ಕತ್ತಿಯಿಂದ ಹೊಡೆದರಂತೂ ಒಬೆಕ್ಸ್ ಅಲ್ಲೇ ಜಜ್ಜಿಹೋಗುತ್ತದೆ. ತಲೆಯನ್ನು ಮೂಗು ಕೆಳಗಾಗಿ, ಬುರುಡೆಯ ಹಿಂದಿನ ದೊಡ್ಡ ರಂಧ್ರ ನಿಮ್ಮ ಕಡೆ ಕಾಣುವಂತೆ ಒರಗಿಸಿ ಗಟ್ಟಿಯಾಗಿ ಹಿಡಿಸಿಕೊಳ್ಳಿ. ಅಂಚು ಹರಿತವಾದ ಉದ್ದ ಹಿಡಿಕೆಯ ಕಿರಿದಾದ ಚಮಚವನ್ನು ಮೂಳೆಗೆ ಅಂಟಿದ ಪೊರೆ ಮತ್ತು ಮಿದುಳುಕಾಂಡದ ನಡುವೆ ತೂರಿಸಿ, ಮೂಳೆಗೆ ತಾಗಿಸಿಕೊಂಡೇ ಸುತ್ತ ಎಡಬಲಕ್ಕೆ ಆಡಿಸಿ. ಪಕ್ಕದ ನರಗಳು ಕತ್ತರಿಸುವುದು ಕೈಗೆ ತಿಳಿಯುತ್ತದೆ. ನಂತರ 3ರಿಂದ 4 ಸೆಂ.ಮೀ. ಒಳಕ್ಕೆ ತಳ್ಳಿ, ಚಮಚದ ತುದಿಯನ್ನು ಬಾಗಿಸಿ ಅಡ್ಡಕ್ಕೆ ಕೊಯ್ದು, ನಿಧಾನವಾಗಿ ಹೊರಗೆಳೆಯಿರಿ. ನರಗಳು ಬಿಡದಿರುವಾಗಲೇ ಎಳೆದರೆ ಕಾಂಡ ನಡುವೆ ತುಂಡಾಗಿ ಕೈಗೆ ಬರಿ ಬೆನ್ನುಹುರಿ ಬರುತ್ತದೆ. ಹೆಚ್ಚು ಮಾದರಿಗಳು ಕೆಡುವುದು ಈ ಅವಸರದಿಂದಲೇ. ಹೊರತೆಗೆದದ್ದರಲ್ಲಿ ಆ ಚೂಪು ಮೊನೆ ಕಣ್ಣಿಗೆ ಕಾಣದಿದ್ದರೆ ಮಾದರಿ ಸಿಕ್ಕಿಲ್ಲ ಎಂದೇ ತಿಳಿಯಿರಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ರಂಧ್ರದಿಂದ ಚಮಚವನ್ನು ಮೇಲ್ಭಾಗಕ್ಕೆ ತಿರುಗಿಸಿ ಸೆರೆಬೆಲ್ಲಮ್‌ನ ಒಂದು ತುಂಡನ್ನೂ ತೆಗೆಯಿರಿ. ನಾರ್ವೆಯಲ್ಲಿ 1998ರಲ್ಲಿ ಮೊದಲು ಪತ್ತೆಯಾದ, ನಾರ್98 ಎಂದು ಹೆಸರಾದ ಅಸಾಂಪ್ರದಾಯಿಕ ಸ್ಕ್ರೇಪಿಯಲ್ಲಿ ಪ್ರಿಯಾನ್ ಹೆಚ್ಚಾಗಿ ಸೇರುವುದು ಸೆರೆಬೆಲ್ಲಮ್ ಮತ್ತು ದೊಡ್ಡ ಮಿದುಳಿನ ಹೊರಪದರದಲ್ಲಿ, ಒಬೆಕ್ಸ್‌ನಲ್ಲಿ ಅಲ್ಪ. ವಯಸ್ಸಾದ ಕುರಿಯಲ್ಲಿ ಒಬೆಕ್ಸ್ ಮಾತ್ರ ನೋಡಿ ‘ಇಲ್ಲ’ ಎಂದರೆ ಈ ಬಗೆ ತಪ್ಪಿಸಿಕೊಳ್ಳುತ್ತದೆ. ಗಂಟಲ ಹಿಂದಿನ ದುಗ್ಧಗ್ರಂಥಿಯೂ ಟಾನ್ಸಿಲ್ಲೂ ಸಿಕ್ಕರೆ ಒಳ್ಳೆಯದು. ಸಾಂಪ್ರದಾಯಿಕ ಸ್ಕ್ರೇಪಿಯಲ್ಲಿ ಅನೇಕ ಸಲ ಮಿದುಳಿಗಿಂತ ಮೊದಲೇ ಅಲ್ಲಿ ಪ್ರಿಯಾನ್ ಸಿಗುತ್ತದೆ.

ತಾಜಾ ಮತ್ತು ಫಾರ್ಮಲಿನ್

ಪ್ರಿಯಾನ್ ಪ್ರೋಟೀನನ್ನೇ ಹುಡುಕುವ ಪರೀಕ್ಷೆಗಳಾದ ಎಲೈಸಾ, ವೆಸ್ಟರ್ನ್ ಬ್ಲಾಟ್‌ಗಳಿಗೆ ತಾಜಾ ಅಂಗಾಂಶ ಬೇಕು. ಸೂಕ್ಷ್ಮದರ್ಶಕಕ್ಕೆ, ಅಂಗಾಂಶ ಕೊಳೆಯದಂತೆ ಗಟ್ಟಿ ಮಾಡುವ ಫಾರ್ಮಲಿನ್‌ನಲ್ಲಿ ಹದಗೊಂಡದ್ದು ಬೇಕು. ಫಾರ್ಮಲಿನ್‌ನಲ್ಲಿ ಮುಳುಗಿದ ಚೂರು ಎಲೈಸಾಗೆ ಆಗದು. ಹೆಪ್ಪುಗಟ್ಟಿಸಿದ ಚೂರಿನಲ್ಲಿ ಹಿಮದ ಹರಳುಗಳು ಮಾಡಿದ ತೂತುಗಳನ್ನು ರೋಗ ಮಿದುಳಿನಲ್ಲಿ ಮಾಡುವ ತೂತುಗಳಿಂದ ಬೇರ್ಪಡಿಸಲಾಗದು. ಹಾಗಾಗಿ ಒಬೆಕ್ಸನ್ನು ನಡುಗೆರೆಯಲ್ಲಿ ಉದ್ದಕ್ಕೆ ಸೀಳಿ ಅರ್ಧ ಇದಕ್ಕೆ, ಅರ್ಧ ಅದಕ್ಕೆ ಹಂಚುವುದು ರೂಢಿ. ಸೀಳು ಓರೆಯಾದರೆ ಒಂದು ಅರ್ಧದಲ್ಲಿ ಬೇಕಾದ ನ್ಯೂಕ್ಲಿಯಸ್ಸೇ ಇರುವುದಿಲ್ಲ. ಕೆಲವು ಪ್ರಯೋಗಾಲಯಗಳು ಮೊನೆಯಿರುವ ಭಾಗ ಇಡಿಯಾಗಿ ಫಾರ್ಮಲಿನ್‌ನಲ್ಲಿ ಬರಲಿ, ತಾಜಾ ಚೂರು ಅದರ ಪಕ್ಕದಿಂದ ಇರಲಿ ಎನ್ನುತ್ತವೆ. ಮೊದಲೇ ಕೇಳಿಕೊಳ್ಳಿ.

ಒಂದು ಲೀಟರ್ ಬಫರ್ ಫಾರ್ಮಲಿನ್‌ಗೆ ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಶುದ್ಧ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಅಂಗಾಂಶದ ಹತ್ತು ಪಟ್ಟು ದ್ರಾವಣ ಇರಲಿ. ಸಣ್ಣ ಡಬ್ಬಿಗೆ ತುರುಕಿದರೆ ಹೊರಗೆ ಗಟ್ಟಿ, ಒಳಗೆ ಕೊಳೆತು ಕೆಂಪು. ತಾಜಾ ಅರ್ಧ ಬೇಗ ತಲುಪುವುದಾದರೆ 4 ಡಿಗ್ರಿಯಲ್ಲಿ, ಇಲ್ಲವಾದರೆ ಮೈನಸ್ 20ರಲ್ಲಿ, ವರ್ಷಗಟ್ಟಲೆ ಇಡುವುದಾದರೆ ಮೈನಸ್ 80ರಲ್ಲಿ. ಪ್ರಾಣಿ ಸತ್ತು ಮಿದುಳು ಮೆತ್ತಗಾಗಿದ್ದರೂ ಎಸೆಯಬೇಡಿ. ಪ್ರಿಯಾನ್ ಕೊಳೆತವನ್ನು ತಾಳಿಕೊಳ್ಳುತ್ತದೆ, ಅದರಲ್ಲಿ ‘ಇದೆ’ ಎಂದು ಬಂದರೆ ನಂಬಬಹುದು. ಆದರೆ ಯಾವ ಭಾಗವೆಂದು ಗುರುತಿಸಲಾಗದ ಮಾದರಿಯಲ್ಲಿ ‘ಇಲ್ಲ’ ಎಂಬುದಕ್ಕೆ ಬೆಲೆ ಕಡಿಮೆ.

ವೆಸ್ಟರ್ನ್ ಬ್ಲಾಟ್‌ನಲ್ಲಿ ಅಂಗಾಂಶವನ್ನು ಶೇ. 10ರಂತೆ ಅರೆದು, ಪ್ರೋಟೀನೇಸ್-ಕೆ ಕಿಣ್ವವನ್ನು ಮಿ.ಲೀ.ಗೆ ಸುಮಾರು 50 ಮೈಕ್ರೋಗ್ರಾಂ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದುಂಟು. ಸಹಜ ಪ್ರೋಟೀನು ಕರಗುತ್ತದೆ, ರೋಗದ್ದರ ಗಟ್ಟಿ ತಿರುಳು ಉಳಿಯುತ್ತದೆ. ಕಿಣ್ವ ಕಡಿಮೆಯಾದರೆ ಸಹಜ ಪ್ರೋಟೀನು ಉಳಿದು ಸುಳ್ಳು ‘ಇದೆ’ ಬರುತ್ತದೆ, ಹೆಚ್ಚಾದರೆ ಕಿಣ್ವಕ್ಕೆ ಬೇಗ ಸೋಲುವ ಅಸಾಂಪ್ರದಾಯಿಕ ಬಗೆ ಅಳಿಸಿಹೋಗುತ್ತದೆ. ಆದ್ದರಿಂದ ಕಿಣ್ವ ಹಾಕದ ಒಂದು ಸಾಲು, ರೋಗವಿಲ್ಲವೆಂದು ಗೊತ್ತಿರುವ ಮಿದುಳಿನ ಒಂದು ಸಾಲು, ರೋಗವಿದೆಯೆಂದು ಗೊತ್ತಿರುವ ಒಂದು ಸಾಲು ಪ್ರತಿ ಸಲವೂ ಇರಲೇಬೇಕು.

ಶುದ್ಧಿ

ಫಾರ್ಮಲಿನ್ ಪ್ರಿಯಾನ್ ಕೊಲ್ಲುವುದಿಲ್ಲ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕುರಿಯ ಅಂಗಾಂಶಕ್ಕೆ ಫಾರ್ಮಲಿನ್ ಹಾಕಿ ತಯಾರಿಸಿದ ಲೂಪಿಂಗ್ ಇಲ್ (ಉಣ್ಣಿಯಿಂದ ಹರಡುವ ಕುರಿಗಳ ಮಿದುಳಿನ ಕಾಯಿಲೆ) ಲಸಿಕೆಯಿಂದಲೇ ಸ್ಕ್ರೇಪಿ ನೂರಾರು ಕುರಿಗಳಿಗೆ ಹರಡಿತು. ಸ್ಪಿರಿಟ್ಟೂ ಅಷ್ಟೇ, ಅದು ಪ್ರೋಟೀನನ್ನು ಉಪಕರಣಕ್ಕೆ ಇನ್ನಷ್ಟು ಅಂಟಿಸುತ್ತದೆ. ಚಮಚ, ಕತ್ತರಿ ಒಣಗುವ ಮೊದಲೇ ಒದ್ದೆಯಲ್ಲಿಟ್ಟು, ಬಳಿಕ ಒಂದು ಗಂಟೆ 2 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ, ಅಂದರೆ ಲೀಟರಿಗೆ 80 ಗ್ರಾಂ ಇರುವ ದ್ರಾವಣದಲ್ಲಿ ಮುಳುಗಿಸಿ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ತಟ್ಟೆ ಬಳಸಬೇಡಿ, ಅದು ಕರಗುತ್ತದೆ. ಮೇಜು, ನೆಲಕ್ಕೆ 20,000 ಪಿಪಿಎಂ, ಅಂದರೆ ಶೇ. 2ರಷ್ಟು ಕ್ಲೋರಿನ್ ಸಿಗುವ ಬ್ಲೀಚ್ ಒಂದು ಗಂಟೆ ಒದ್ದೆಯಾಗಿರಲಿ. ಶೇ. 5ರ ಹೊಸ ಬ್ಲೀಚ್ ಎರಡು ಪಾಲು, ನೀರು ಮೂರು ಪಾಲು ಸೇರಿದರೆ ಅಷ್ಟಾಗುತ್ತದೆ. ತಿಂಗಳುಗಟ್ಟಲೆ ಬಿಸಿಲಲ್ಲಿದ್ದ ಬಾಟಲಿಯನ್ನು ನಂಬಬೇಡಿ. ಬ್ಲೀಚನ್ನು ಫಾರ್ಮಿಕ್ ಆಮ್ಲದ ಹತ್ತಿರವೂ ತರಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಫಾರ್ಮಲಿನ್‌ನಲ್ಲಿ ಹದಗೊಂಡ ತೆಳು ಚೂರುಗಳನ್ನು ಮೇಣಕ್ಕೆ ಇಳಿಸುವ ಮೊದಲು ಶೇ. 98ರ ಫಾರ್ಮಿಕ್ ಆಮ್ಲದಲ್ಲಿ ಒಂದು ಗಂಟೆ ಇಡುವುದು ಪ್ರಯೋಗಾಲಯದವರ ರಕ್ಷಣೆಗೆ.

ಕಳೇಬರವನ್ನೂ, ಈದ ಕುರಿಯ ಮಾಸನ್ನೂ ಸುಟ್ಟುಬಿಡುವುದೇ ಸರಿ. ಮಾಸಿನಲ್ಲಿ ಪ್ರಿಯಾನ್ ದಂಡಿಯಾಗಿರುತ್ತದೆ. ಐಸ್‌ಲ್ಯಾಂಡಿನ ಒಂದು ದೊಡ್ಡಿಯಲ್ಲಿ ಕುರಿಗಳನ್ನೆಲ್ಲ ಕೊಂದು ಕನಿಷ್ಠ 16 ವರ್ಷ ಕಳೆದ ಮೇಲೂ ಕಾಯಿಲೆ ಮರುಕಳಿಸಿದೆ.

ಜೀವಂತ ಹಿಂಡಿನಲ್ಲಿ

ಗುದದ್ವಾರದ ಒಳಅಂಚಿನ ಲೋಳೆಪೊರೆಯ ಒಂದು ಸಣ್ಣ ಚೂರನ್ನು ಮರವಳಿಕೆ ಹಾಕಿ ತೆಗೆದು, ಅದರ ದುಗ್ಧ ಗಂಟುಗಳಲ್ಲಿ ಪ್ರಿಯಾನ್ ನೋಡಬಹುದು. ವಯಸ್ಸಾದಂತೆ ಆ ಗಂಟುಗಳು ಕಡಿಮೆಯಾಗುವುದರಿಂದ ಮುದಿ ಕುರಿಗಳಲ್ಲಿ ಚೂರು ಹಲವು ಸಲ ನಿರುಪಯೋಗಿ. ಅಲ್ಲಿ ಸಿಕ್ಕರೆ ರೋಗವಿದೆ, ಸಿಗದಿದ್ದರೆ ಹಿಂಡು ಶುದ್ಧವೆಂದಲ್ಲ.

ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಯಲ್ಲಿ 2-3 ಮಿ.ಲೀ. ರಕ್ತ ತೆಗೆದು ಪ್ರಿಯಾನ್ ಜೀನಿನ 136, 154, 171ನೇ ಸಂಕೇತಗಳನ್ನು ಓದಿಸಿ. ಈ ಮೂರು ಸಂಕೇತಗಳನ್ನು ಕ್ರಮವಾಗಿ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ತಂದೆ, ತಾಯಿಯಿಂದ ಬಂದ ಜೀನಿನ ಎರಡೂ ಪ್ರತಿಗಳಲ್ಲಿ ಎಆರ್‌ಆರ್ ಇರುವ ಕುರಿ ಸಾಂಪ್ರದಾಯಿಕ ಸ್ಕ್ರೇಪಿಗೆ ಬಹುಮಟ್ಟಿಗೆ ಜಗ್ಗದು, ವಿಆರ್‌ಕ್ಯೂ ಇರುವುದು ಬಲು ಬೇಗ ಬಲಿಯಾಗುತ್ತದೆ. ಈ ಲೆಕ್ಕ ಅಸಾಂಪ್ರದಾಯಿಕ ಬಗೆಗೆ ಹೊಂದುವುದಿಲ್ಲ. ಮೇಕೆಗಳಿಗೂ ಕುರಿಯ ಪಟ್ಟಿ ಅನ್ವಯಿಸಬೇಡಿ. ಅವುಗಳಲ್ಲಿ ರಕ್ಷಣೆ ಕೊಡುವುದು 146 ಮತ್ತು 222ನೇ ಸಂಕೇತಗಳ ಬದಲಾವಣೆ.

ತಾಜಾ ಅರ್ಧವನ್ನು ಪರೀಕ್ಷೆಗೆ ಪೂರ್ತಿ ಖರ್ಚು ಮಾಡದೆ, ಒಂದು ಪಾಲನ್ನು ಪ್ರಾಣಿಯ ಕಿವಿಸಂಖ್ಯೆ, ದಿನಾಂಕ ಬರೆದ ಬೇರೆ ಕೊಳವೆಯಲ್ಲಿ ಮೈನಸ್ 80ಕ್ಕೆ ಹಾಕಿಡಿ. ಫ್ರಾನ್ಸಿನಲ್ಲಿ 2002ರಲ್ಲಿ ವಧೆಯಾದ ಮೇಕೆಯೊಂದರಲ್ಲಿ ಇದ್ದದ್ದು ಸ್ಕ್ರೇಪಿಯಲ್ಲ, ದನಗಳ ಬಿಎಸ್‌ಇ (ಹುಚ್ಚು ಹಸು ಕಾಯಿಲೆ) ಎಂದು ಖಚಿತವಾದದ್ದು 2005ರಲ್ಲಿ, ಮತ್ತಷ್ಟು ಪರೀಕ್ಷೆಗಳ ಬಳಿಕ.