ಸಿಪ್ಪೆ ಒಲೆಯ ಬಿಸಿನೀರು, ಹನ್ನೆರಡು ನಿಮಿಷದ ನಡಿಗೆ

ಬಹುಕಾಲದ ನೋವಿನವರಿಗೆ ಸಾಗರ ಪಟ್ಟಣದಲ್ಲಿ ನೀರಿನ ವ್ಯಾಯಾಮ ಆರಂಭಿಸುತ್ತೇನೆಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ನೀರಾಟಕ್ಕೆ ಇಲ್ಲಿ ದುಡ್ಡು ಕೊಡುವವರು ಯಾರಮ್ಮಾ?" ಎಂದು ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಬಾಡಿಗೆಗೆ ಹಿಡಿದ ಈಜುಕೊಳದ ನೀರು 26 ಡಿಗ್ರಿಯ ಆಸುಪಾಸಿನಲ್ಲಿತ್ತು. ಈಜುವವರಿಗೆ ಹಿತವಾದ ಆ ನೀರಿನಲ್ಲಿ ಮೆಲ್ಲಗೆ ನಡೆಯುತ್ತಿದ್ದ ನನ್ನ ರೋಗಿಗಳು ಹತ್ತೇ ನಿಮಿಷಕ್ಕೆ ನಡುಗಿ, ಸ್ನಾಯು ಬಿಗಿದುಕೊಂಡು ಮೇಲೆ ಬರುತ್ತಿದ್ದರು. ಹನ್ನೊಂದು ಮಂದಿಯಲ್ಲಿ ಉಳಿದವರು ಮೂವರು. ಕೈಬಿಟ್ಟು ಹೋದದ್ದು ಸುಮಾರು 40 ಸಾವಿರ ರೂಪಾಯಿ.

ಆನಂತರ ಕ್ಲಿನಿಕ್ಕಿನ ಹಿಂದೆ 12 ಅಡಿ ಉದ್ದ, 10 ಅಡಿ ಅಗಲದ ತೊಟ್ಟಿ ಕಟ್ಟಿಸಿದೆ. ನಾಲ್ಕಡಿ ನೀರು ನಿಲ್ಲಿಸಿದರೆ 13,500 ಲೀಟರ್ ಹಿಡಿಯುತ್ತದೆ. ಹಿಡಿಕಂಬಿ, ಮೆಟ್ಟಿಲು, ಫಿಲ್ಟರ್ ಸೇರಿ ನಾಲ್ಕೂವರೆ ಲಕ್ಷವಾಗಿರಬೇಕು. ನೀರನ್ನು 34 ಡಿಗ್ರಿಯಲ್ಲಿ ಇಡಲು ವಿದ್ಯುತ್ ಹೀಟರ್ ಹಾಕಿದಾಗ ಮೊದಲ ತಿಂಗಳ ಬಿಲ್ಲೇ 18 ಸಾವಿರ ದಾಟಿತು. ಬಿಸಿಯೆಲ್ಲ ಹೆಚ್ಚಾಗಿ ಆವಿಯಲ್ಲಿ ಹೋಗುತ್ತಿದೆಯೆಂದು ತಡವಾಗಿ ಹೊಳೆದು ರಾತ್ರಿ ದಪ್ಪ ಪ್ಲಾಸ್ಟಿಕ್ ಹೊದಿಸತೊಡಗಿದೆ. ಹೀಟರನ್ನು ಮಾರಿ, ನಮ್ಮ ಮನೆಯ ಬಚ್ಚಲೊಲೆಯನ್ನು ನೆನೆದುಕೊಂಡು ಅಡಿಕೆ ಸಿಪ್ಪೆಯ ಬಾಯ್ಲರ್ ಮಾಡಿಸಿದೆ. ಈಗ ದಿನಕ್ಕೆ ಒಂದೆರಡು ಚೀಲ ಸಿಪ್ಪೆ ಸಾಕು. ಒಲೆಯೊಳಗೆ ಕೊಳವೆಯ ಸುರುಳಿಯನ್ನು ಹೇಗೆ ಕೂರಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದಕ್ಕೆ ಎರಡು ಮಳೆಗಾಲ ತೆತ್ತಿದ್ದೇನೆ.

ದೊಡ್ಡ ಪೆಟ್ಟು ತಿಂದದ್ದು ಸಮಯದ ವಿಷಯದಲ್ಲಿ. ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುವುದರಿಂದ ರೋಗಿಗೂ ನಮಗೂ ಮೈಮರೆವು ಬರುತ್ತದೆ. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುವ ದೀರ್ಘಕಾಲದ ತೊಂದರೆ, ಇದ್ದ ಒಬ್ಬರು "ಇನ್ನೂ ಸ್ವಲ್ಪ ಮಾಡ್ತೀನಿ ಮೇಡಂ" ಎಂದರೆಂದು 40 ನಿಮಿಷ ಬಿಟ್ಟೆ; ಅವರು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅಂದಿನಿಂದ ಮೊದಲ ಎರಡು ವಾರ 12 ನಿಮಿಷವಷ್ಟೇ, ವಾರಕ್ಕೆ ಮೂರು ದಿನ. ಮರುದಿನ ಬೆಳಿಗ್ಗೆ ಫೋನಿನಲ್ಲಿ ನೋವು ವಿಚಾರಿಸದೆ ಒಂದು ನಿಮಿಷವನ್ನೂ ಏರಿಸುವುದಿಲ್ಲ. ವೇಗ ಇಮ್ಮಡಿಯಾದರೆ ನೀರಿನ ತಡೆ ನಾಲ್ಕು ಪಟ್ಟಾಗುವ ಕಾರಣ, ಹೆಜ್ಜೆಯ ಎಣಿಕೆಯನ್ನು ನಾನೇ ನಿಧಾನವಾಗಿ ಹೇಳುತ್ತೇನೆ.

ಮಂಡಿ ಸವೆದ ಅಜ್ಜಿಯೊಬ್ಬರು ಸೀರೆಯುಟ್ಟೇ ಇಳಿದಾಗ ನೆರಿಗೆಯೊಳಗೆ ಗಾಳಿ ತುಂಬಿ ಸೀರೆ ಬುಗುಬುಗು ಮೇಲೆದ್ದಿತು. ಅದನ್ನು ಅದುಮುವ ಗಡಿಬಿಡಿಯಲ್ಲಿ ಅವರು ಹಿಡಿಕಂಬಿಯನ್ನೇ ಬಿಟ್ಟರು. ಈಗ ಆರು ಜೊತೆ ಚೂಡಿದಾರ್ ಹೊಲಿಸಿಟ್ಟು, ಹೆಂಗಸರಿಗೆ ಬೇರೆ ಹೊತ್ತು ಗೊತ್ತುಮಾಡಿದ್ದೇನೆ.

ಅಂಗಾತ ತೇಲಿಸಲು, ಹಳ್ಳಿಯಲ್ಲಿ ಈಜು ಕಲಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಒಣ ಸೋರೆ ಬುರುಡೆಯನ್ನೂ ಪರೀಕ್ಷಿಸಿದ್ದುಂಟು. ಅದು ನನ್ನನ್ನೇ ಮಗ್ಗುಲಿಗೆ ಹೊರಳಿಸಿ ನೀರು ಕುಡಿಸಿತು. ಜೋಡಿ ಒಣ ತೆಂಗಿನಕಾಯಿಯನ್ನು ಕಂಕುಳಿಗೆ ಕೊಟ್ಟದ್ದು ಮಾತ್ರ ಫಲಿಸಿತು. ಫೋಮ್ ಕೋಲು ತರಿಸಿದ ಮೇಲೂ ಕೆಲವರು ಕಾಯಿಯನ್ನೇ ಕೇಳುತ್ತಾರೆ.

ಸದ್ಯ ಹದಿನಾಲ್ಕು ಮಂದಿ ತಪ್ಪದೆ ಬರುತ್ತಿದ್ದು, ಪ್ರತಿ ಸಲಕ್ಕೆ ತಲೆಗೆ 150 ರೂಪಾಯಿಯಂತೆ ತಿಂಗಳಿಗೆ 25 ಸಾವಿರದಷ್ಟು ಆಗುತ್ತದೆ. ನಕ್ಕಿದ್ದವರೂ ಸೊಂಟನೋವಿನ ಇಬ್ಬರನ್ನು ಕಳುಹಿಸಿದ್ದಾರೆ. ಕಳೆದ ಆಷಾಢದಲ್ಲಿ ಸಿಪ್ಪೆ ನೆನೆದು ವಾರವಿಡೀ ತೊಟ್ಟಿ ಮುಚ್ಚಬೇಕಾಗಿ ಬಂದದ್ದರಿಂದ, ಈ ಸಲ ಅಡಿಕೆ ಸುಲಿಗೆ ಮುಗಿಯುವ ಮೊದಲೇ 200 ಚೀಲ ಒಣ ಸಿಪ್ಪೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿಟ್ಟಿದ್ದೇನೆ.