ಸಾಲಕ್ಕೆ ಸಹಿ ಹಾಕುವ ಮೊದಲು ನಾನು ಕೇಳಿ ಪಡೆದ ಹಾಳೆ

ಹಾವೇರಿ ಕಡೆ ನಮ್ಮದೊಂದು ಸಣ್ಣ ಗಿರಣಿ. ಕಳೆದ ವರ್ಷ ಮೆಣಸಿನಕಾಯಿ ಸೀಸನ್‌ಗೆ ಮುಂಚೆ ಖಾರದಪುಡಿ ಮಾಡುವ ಹೊಸ ಮಷೀನಿಗೆ 5 ಲಕ್ಷ ಬೇಕಾಯಿತು. ಒಂದು ಫೈನಾನ್ಸ್ ಕಂಪನಿಯ ಹುಡುಗ ಗಿರಣಿಗೇ ಬಂದ. "ಅಣ್ಣಾರ, ನೂರಕ್ಕ ಒಂದ ರೂಪಾಯಿ ಬಡ್ಡಿ ನೋಡ್ರಿ. ಮೂರು ವರ್ಷ, ತಿಂಗಳಿಗೆ 18,889" ಅಂದ.

ಕೇಳಿದರೆ ಕಡಿಮೆ ಅನಿಸುತ್ತದೆ, ಅಲ್ವಾ? ಹಿಂದೊಮ್ಮೆ ಹೀಗೇ ನಂಬಿ ಸಹಿ ಹಾಕಿದ್ದೆ. ಕೈಗೆ ಬಂದ ದುಡ್ಡು ಯಾಕೆ ಕಡಿಮೆ ಅಂತ ಆಮೇಲೆ ಒದ್ದಾಡಿದ್ದೆ. ಈ ಸಲ ಮೊದಲು ಕೆಎಫ್‌ಎಸ್ ಕೊಡಿ ಅಂದೆ.

ಕೆಎಫ್‌ಎಸ್ ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಸಾಲದ ಮುಖ್ಯ ವಿವರಗಳೆಲ್ಲ ಒಂದೇ ಕಡೆ ಇರುವ ಪತ್ರ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಂಎಸ್‌ಎಂಇ (ನಮ್ಮಂಥ ಸಣ್ಣ, ಮಧ್ಯಮ ಉದ್ದಿಮೆ) ಟರ್ಮ್ ಲೋನುಗಳಿಗೆ, ಅಂದರೆ ಇಂತಿಷ್ಟು ಅವಧಿಯಲ್ಲಿ ತೀರಿಸುವ ಸಾಲಗಳಿಗೆ, ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಇದನ್ನು ಕೊಡಲೇಬೇಕು ಅಂತ ಮಾಡಿದೆ. ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಹುಡುಗ ಇಂಗ್ಲಿಷ್ ಹಾಳೆ ತಂದ. ಕನ್ನಡದ್ದು ತನ್ನಿ ಅಂತ ವಾಪಸ್ ಕಳಿಸಿದೆ. ಎರಡು ದಿನ ಬಿಟ್ಟು ತಂದುಕೊಟ್ಟ.

ನಾನು ಮೊದಲು ನೋಡಿದ್ದು ಎಪಿಆರ್ ಅನ್ನುವ ಸಾಲು. ಬಡ್ಡಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಹೇಳುವುದು ಅದೊಂದೇ. ಅಲ್ಲಿ 24.5% ಅಂತಿತ್ತು! ಒಂದು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 12% ಅಂದುಕೊಳ್ಳುತ್ತೇವೆ. ಆದರೆ ಅದು ಫ್ಲಾಟ್ ಲೆಕ್ಕ. ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 5 ಲಕ್ಷದ ಮೇಲೇ. ಬಾಕಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ 21% ದಾಟುತ್ತದೆ. ಮೇಲೆ ಫೀ, ಇನ್ಶೂರೆನ್ಸ್ ಅಂತ 22 ಸಾವಿರ ಮುಂಚೆಯೇ ಹಿಡಿದುಕೊಂಡು ಕೈಗೆ ಕೊಡುವುದು 4.78 ಲಕ್ಷ ಮಾತ್ರ.

ಕೆಎಫ್‌ಎಸ್‌ನಲ್ಲಿ ಹೇಳಿದ ಷರತ್ತು ಕನಿಷ್ಠ ಮೂರು ಕೆಲಸದ ದಿನ ಬದಲಾಗುವಂತಿಲ್ಲ. "ಇವತ್ತೇ ಸಹಿ ಹಾಕಿ, ನಾಳೆ ರೇಟ್ ಏರುತ್ತದೆ" ಅಂದರೆ ಹೆದರಬೇಕಿಲ್ಲ. ಆ ಹಾಳೆ ಹಿಡಿದುಕೊಂಡೇ ಬ್ಯಾಂಕಿಗೆ ಹೋದೆ. ಅಲ್ಲಿ ಬಾಕಿ ಅಸಲಿನ ಮೇಲೆ 11.5%, ಕಂತು 16,488. ಕಾಗದಪತ್ರಕ್ಕೆ ಓಡಾಟ ಜಾಸ್ತಿಯಾಯಿತು, ನಿಜ. ಆದರೆ ಮೂರು ವರ್ಷಕ್ಕೆ ಕಂತಿನಲ್ಲೇ 86 ಸಾವಿರ ಚಿಲ್ಲರೆ ಉಳಿಯುತ್ತದೆ. ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ.

ಕಂತು ತಪ್ಪಿದರೆ ಎಷ್ಟು ದಂಡ, ಮುಂಚೆಯೇ ತೀರಿಸಿದರೆ ಏನು ಚಾರ್ಜು, ಅದೂ ಈ ಹಾಳೆಯಲ್ಲೇ ಇರುತ್ತದೆ. ಓದಿ. ತಿಂಗಳು ತಿಂಗಳು ಅಸಲೆಷ್ಟು, ಬಡ್ಡಿಯೆಷ್ಟು ಅನ್ನುವ ಪಟ್ಟಿಯನ್ನೂ ಇಸಿದುಕೊಳ್ಳಿ.

ಸಾಲ ಖಾತೆಗೆ ಬಂದ ದಿನ ಬ್ಯಾಂಕಿನವರು 1,180 ರೂಪಾಯಿ ಡಾಕ್ಯುಮೆಂಟ್ ಚಾರ್ಜು ಅಂತ ಮುರಿದುಕೊಂಡಿದ್ದರು. ಬ್ಯಾಂಕ್ ಕೊಟ್ಟ ಕೆಎಫ್‌ಎಸ್‌ನಲ್ಲಿ ಅದು ಇರಲಿಲ್ಲ. ಅಲ್ಲಿ ಬರೆಯದ ಚಾರ್ಜನ್ನು ನಮ್ಮ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಜಗಳ ಮಾಡಲಿಲ್ಲ. ಹಾಳೆಯ ಜೆರಾಕ್ಸ್ ಲಗತ್ತಿಸಿ ಮ್ಯಾನೇಜರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡುವುದು ಅಂತ ತೀರ್ಮಾನಿಸಿದ್ದೆ. ಒಂಬತ್ತನೇ ದಿನ ದುಡ್ಡು ಖಾತೆಗೆ ವಾಪಸ್ ಬಂತು.