ಥೆರಪಿ ಕ್ಲಿನಿಕ್ಕಿನ ದಾಖಲೆಗಳನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸುವವರಿಗೆ

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಕ್ಲಿನಿಕ್. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಜೊತೆಗೆ ಒಬ್ಬರು ಸ್ಪೀಚ್ ಥೆರಪಿಸ್ಟ್, ಒಬ್ಬರು ಕೌನ್ಸೆಲರ್, ವಾರಕ್ಕೊಮ್ಮೆ ಬರುವ ಸೈಕಿಯಾಟ್ರಿಸ್ಟ್, ಮತ್ತೆ ಬಂದವರೆಲ್ಲರ ಹೆಸರು ಮುಖ ನೆನಪಿಟ್ಟುಕೊಳ್ಳುವ ನಮ್ಮ ರಿಸೆಪ್ಷನಿಸ್ಟ್. ನಾವು ಸಾಫ್ಟ್‌ವೇರ್ ಬದಲಿಸಿದ್ದು ಗೊತ್ತಾದ ಮೇಲೆ ಬೇರೆ ಊರಿನ ಸಹೋದ್ಯೋಗಿಗಳು ಫೋನ್ ಮಾಡಿ ಮೊದಲು ಕೇಳುವುದು, “ಯಾವ ಕಂಪನಿಯದು ತಗೊಂಡ್ರಿ?” ಅಂತ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಪ್ರಶ್ನೆ. ಥೆರಪಿ ಕೋಣೆಯ ಒಂದು ಸಾಲು ತಪ್ಪು ಕೈಗೆ ಸಿಕ್ಕರೆ ಒಬ್ಬರ ಮದುವೆ ಮುರಿಯಬಹುದು, ಕೆಲಸ ಹೋಗಬಹುದು. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಮೊದಲು ಕೇಳಿಕೊಳ್ಳಬೇಕಾದ್ದು: ಈ ಮಾಹಿತಿ ಇನ್ನು ಮುಂದೆ ಯಾರ ಕಣ್ಣಿಗೆ ಬೀಳುತ್ತದೆ?

ಏನಿದೆ, ಎಲ್ಲಿದೆ

ಡೆಮೊ ನೋಡುವ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ಕೂತು, ದಾಖಲೆಗಳು ಎಲ್ಲೆಲ್ಲಿವೆ ಎಂದು ಬರೆಯಿರಿ. ಹಳೆಯ ಸಾಫ್ಟ್‌ವೇರಿನಲ್ಲಿ ಇರುವುದು ಒಂದು ಪಾಲು ಅಷ್ಟೇ. ಬೀರುವಿನಲ್ಲಿ ರಟ್ಟಿನ ಫೈಲುಗಳಿರುತ್ತವೆ, ರಿಸೆಪ್ಷನ್ನಿನಲ್ಲಿ ಉದ್ದನೆಯ ರಿಜಿಸ್ಟರ್ ಇರುತ್ತದೆ. ಶಾಲೆಗಳಿಗೆ ಬರೆದುಕೊಟ್ಟ ಪತ್ರಗಳು ಯಾವುದೋ ಲ್ಯಾಪ್‌ಟಾಪಿನ ವರ್ಡ್ ಫೈಲುಗಳಾಗಿರುತ್ತವೆ. ಸ್ಪೀಚ್ ಥೆರಪಿಯ ಮಕ್ಕಳ ವಿಡಿಯೊಗಳು ಥೆರಪಿಸ್ಟರ ಸ್ವಂತ ಮೊಬೈಲಿನಲ್ಲಿ, ಮನೆಮಂದಿಯ ಫೋಟೊಗಳ ನಡುವೆ ಕೂತಿರುತ್ತವೆ. ಮೊದಲು ವ್ಯವಸ್ಥೆ ಆಗಬೇಕಾದ್ದು ಈ ವಿಡಿಯೊಗಳಿಗೆ.

ಸಮಯದ ಬಗ್ಗೆ ಹೆಚ್ಚು ಯೋಚಿಸುವುದು ಬೇಡ. ಮಕ್ಕಳು ಬರುವ ಕ್ಲಿನಿಕ್ ಆಗಿದ್ದರೆ ಜೂನ್‌ನಲ್ಲಿ ಮಾತ್ರ ಕೈ ಹಾಕಬೇಡಿ, ಶಾಲೆ ತೆರೆಯುತ್ತಿದ್ದಂತೆ ಅಸೆಸ್‌ಮೆಂಟ್ ಕೇಳಿಕೊಂಡು ಬರುವವರ ಸಾಲು ದೊಡ್ಡದಿರುತ್ತದೆ. ಏಪ್ರಿಲ್ ಒಳ್ಳೆಯದು. ಮಕ್ಕಳು ಅಜ್ಜಿಮನೆಗೆ ಹೋಗಿರುತ್ತಾರೆ, ಹೊಸ ಆರ್ಥಿಕ ವರ್ಷದ ಜೊತೆಗೆ ರಸೀದಿ ಸಂಖ್ಯೆಯನ್ನೂ ಒಂದರಿಂದ ಶುರು ಮಾಡಬಹುದು.

ಯಾವುದನ್ನು ಸಾಗಿಸಬೇಕು, ಯಾವುದನ್ನು ಬಿಡಬೇಕು

ಕಂಪನಿಯವರು “ಎಲ್ಲಾ ಡೇಟಾ ನಾವೇ ಹಾಕಿಕೊಡ್ತೀವಿ ಮೇಡಂ” ಅನ್ನುತ್ತಾರೆ. ಎಲ್ಲವೂ ಹೋಗಬೇಕಿಲ್ಲ. ಈಗ ನಡೆಯುತ್ತಿರುವ ಕೇಸುಗಳು ಪೂರ್ತಿ ಹೋಗಲಿ. ನಿಂತುಹೋದ ಕೇಸುಗಳಿಗೆ ಹೆಸರು, ಫೈಲ್ ಸಂಖ್ಯೆ, ಕೊನೆಯ ಭೇಟಿಯ ದಿನಾಂಕ ಮತ್ತು ಮುಕ್ತಾಯದ ಟಿಪ್ಪಣಿ ಇದ್ದರೆ ಸಾಕು, ಉಳಿದದ್ದು ಬೀಗ ಹಾಕಿದ ಹಳೆಯ ಪ್ರತಿಯಲ್ಲಿರಲಿ. ಎಷ್ಟು ವರ್ಷ ಇಡಬೇಕು ಎಂಬುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ವೈದ್ಯರಿಗೆ 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಅನ್ನುತ್ತದೆ. ಮಕ್ಕಳ ದಾಖಲೆಗೆ ನನಗೆ ಅದು ಸಾಲದು ಅನ್ನಿಸುತ್ತದೆ. ಐದನೇ ವಯಸ್ಸಿನಲ್ಲಿ ಅಸೆಸ್‌ಮೆಂಟ್ ಆದ ಹುಡುಗ ಕಾಲೇಜು ಸೇರುವಾಗ ಆ ಹಳೆಯ ವರದಿ ಕೇಳಿಕೊಂಡು ಬರುತ್ತಾನೆ. ನಮ್ಮಲ್ಲಿ 18 ತುಂಬಿದ ಮೇಲೂ ಕೆಲವು ವರ್ಷ ಉಳಿಸಿಕೊಳ್ಳುತ್ತೇವೆ.

ಸೆಷನ್ನಿನ ಅಧಿಕೃತ ದಾಖಲೆ ಬೇರೆ, ನನ್ನ ಯೋಚನೆಗೆಂದು ಗೀಚಿಕೊಂಡ ಟಿಪ್ಪಣಿ ಬೇರೆ. ಊಹೆಗಳು, ಹಿರಿಯ ಥೆರಪಿಸ್ಟರ ಜೊತೆಗಿನ ಸೂಪರ್‌ವಿಷನ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು, ಕ್ಲಯಂಟ್ ಹೇಳಿದ ಮೂರನೆಯವರ ಗುಟ್ಟುಗಳು, ಇವನ್ನು ಕ್ಲಿನಿಕ್ಕಿನ ಎಲ್ಲರೂ ತೆರೆಯುವ ಜಾಗಕ್ಕೆ ಸುರಿಯಬಾರದು. ಹೊಸ ವ್ಯವಸ್ಥೆಯಲ್ಲಿ ಬರೆದವರಿಗೆ ಮಾತ್ರ ಕಾಣುವ ಪ್ರತ್ಯೇಕ ಟಿಪ್ಪಣಿಯ ಜಾಗ ಇದೆಯೇ ಕೇಳಿ. ಇಲ್ಲದಿದ್ದರೆ ಅವು ಕಾಗದದಲ್ಲೇ ಇರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ, ಆ ಹಕ್ಕು ಎಲೆಕ್ಟ್ರಾನಿಕ್ ರೂಪದ ಮಾಹಿತಿಗೂ ಅನ್ವಯಿಸುತ್ತದೆ ಎಂದು 24ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. 25ನೇ ಕಲಂ ಪ್ರಕಾರ ತನ್ನ ಪ್ರಾಥಮಿಕ ವೈದ್ಯಕೀಯ ದಾಖಲೆ (ಬೇಸಿಕ್ ಮೆಡಿಕಲ್ ರೆಕಾರ್ಡ್) ಪಡೆಯುವ ಹಕ್ಕು ಚಿಕಿತ್ಸೆ ಪಡೆಯುವ ವ್ಯಕ್ತಿಗಿದೆ. ಅಧಿಕೃತ ದಾಖಲೆಯನ್ನು ಕ್ಲಯಂಟ್ ಎದುರು ಕೂತು ಓದುತ್ತಾರೆ ಎಂದುಕೊಂಡೇ ಬರೆಯಿರಿ. ಹಳೆಯ ಟಿಪ್ಪಣಿ ಸಾಗಿಸುವಾಗ ಅದನ್ನು ತಿದ್ದಲು ಮಾತ್ರ ಹೋಗಬೇಡಿ. ಬರೆದದ್ದು ಬರೆದಂತೆಯೇ, ಹಳೆಯ ದಿನಾಂಕದೊಂದಿಗೆ ಹೋಗಬೇಕು.

ಕಂಪನಿಯ ಮುಂದೆ ಇಡಬೇಕಾದ ಪ್ರಶ್ನೆಗಳು

ದುಡ್ಡು ಕೊಡುವ ಮುಂಚೆಯೇ, ನಾಳೆ ನಾವು ಬಿಟ್ಟುಹೋದರೆ ನಮ್ಮ ದಾಖಲೆ ಯಾವ ರೂಪದಲ್ಲಿ ವಾಪಸ್ ಸಿಗುತ್ತದೆ ಎಂದು ಕೇಳಿ. ಬಾಯಿಮಾತು ಬೇಡ, ಸುಳ್ಳು ಹೆಸರಿನ ಒಂದು ಕ್ಲಯಂಟ್ ಸೃಷ್ಟಿಸಿ, ಆ ದಾಖಲೆಯನ್ನು ಹೊರತೆಗೆದು ನಿಮ್ಮ ಕಂಪ್ಯೂಟರಿನಲ್ಲೇ ತೆರೆದು ತೋರಿಸಲಿ. ಟಿಪ್ಪಣಿ, ಸ್ಕ್ಯಾನ್ ಮಾಡಿದ ಫಾರಂ, ರಸೀದಿ ಮೂರೂ ಬಂದಿದೆಯೇ ನೋಡಿ. ಹೆಸರು ಮತ್ತು ಫೋನ್ ನಂಬರ್ ಮಾತ್ರ ಕೊಟ್ಟು ಕೈ ತೊಳೆದುಕೊಳ್ಳುವ ವ್ಯವಸ್ಥೆಗಳಿವೆ.

ಅವರ ಸಪೋರ್ಟ್ ಸಿಬ್ಬಂದಿಗೆ ನಮ್ಮ ಟಿಪ್ಪಣಿಗಳು ಕಾಣುತ್ತವೆಯೇ? ಯಾರು ಯಾವ ಫೈಲನ್ನು ಯಾವಾಗ ತೆರೆದರು ಎಂಬ ದಾಖಲೆ ನಮಗೆ ಸಿಗುತ್ತದೆಯೇ? ರಿಸೆಪ್ಷನ್ ಲಾಗಿನ್ನಿಗೆ ಸಮಯ ಮತ್ತು ಹಣ ಮಾತ್ರ ಕಾಣುವಂತೆ ಮಾಡಬಹುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ನಮ್ಮ ಪರವಾಗಿ ಕಂಪನಿ ಮಾಡುವ ಕೆಲಸಕ್ಕೂ ಹೊಣೆ ನಮ್ಮದೇ, ಲಿಖಿತ ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಅಷ್ಟೇ. ಸುರಕ್ಷತೆಯಲ್ಲಿ ಲೋಪವಾದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಂದದ ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ.

ಆಭಾ ಸಂಖ್ಯೆಯ ವಿಷಯ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಈ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಕಡ್ಡಾಯವಲ್ಲ. ನೋಂದಣಿ ಫಾರಂನಲ್ಲಿ ಅದನ್ನು ಖಾಲಿ ಬಿಟ್ಟರೆ ಮುಂದೆ ಹೋಗದಂತೆ ಮಾಡಿಟ್ಟಿದ್ದರೆ ತೆಗೆಸಿ. ಜೋಡಿಸಬೇಕೆನ್ನುವವರಿಗೆ, ಯಾವ ದಾಖಲೆ ಜೋಡಣೆಯಾಗುತ್ತದೆ ಎಂದು ವಿವರಿಸಿ ಒಪ್ಪಿಗೆ ಪಡೆಯಿರಿ.

ಕನ್ನಡ ಉಳಿಯಬೇಕು

ನಮ್ಮ ಹಳೆಯ ವರದಿಗಳಲ್ಲಿ ಬಹಳಷ್ಟು ನುಡಿ, ಬರಹದ ಹಳೆಯ ಫಾಂಟುಗಳಲ್ಲಿದ್ದವು. ಅವು ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್ ಅಲ್ಲ. ಹೊಸ ಸಾಫ್ಟ್‌ವೇರಿಗೆ ಅಂಟಿಸಿದರೆ ಕನ್ನಡದ ಬದಲು ಕೊಂಬು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಕಗಳು ಸಿಗುತ್ತವೆ. ಆದರೆ ಕ್ಲಯಂಟ್ ವರದಿಯನ್ನು ಯಾವುದೋ ವೆಬ್‌ಸೈಟಿಗೆ ಅಂಟಿಸಿ ಪರಿವರ್ತಿಸಬೇಡಿ, ಇಂಟರ್ನೆಟ್ ಇಲ್ಲದೆ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಪರಿವರ್ತಕ ಬಳಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಬ್ಬರು ಕೂತು ಓದಲೇಬೇಕು. ಸಹಿ ಮಾಡಿ ಕೊಟ್ಟ ವರದಿಗಳನ್ನು ಪರಿವರ್ತಿಸಲು ಹೋಗದೆ ಪಿಡಿಎಫ್ ಆಗಿಯೇ ಸೇರಿಸಿ.

ಎಕ್ಸೆಲ್ ಮೂಲಕ ಸಾಗಿಸುವಾಗ ಫೈಲನ್ನು ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲೇ ಉಳಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಮೂಲ ಫೈಲ್ ಇಲ್ಲದಿದ್ದರೆ ವಾಪಸ್ ಬರುವುದಿಲ್ಲ. ಫೋನ್ ನಂಬರಿನ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ. ಮುಂದೆ 91 ಸೇರಿ 12 ಅಂಕಿಯಾದ ಕೂಡಲೇ ಎಕ್ಸೆಲ್ ಅದನ್ನು ‘9.19E+11’ ಎಂಬಂಥ ರೂಪಕ್ಕೆ ಮೊಟಕು ಮಾಡಿ ತೋರಿಸುತ್ತದೆ. ದಿನಾಂಕ ಇನ್ನೂ ಅಪಾಯ: 5/8 ಎಂದು ಬರೆದ ಆಗಸ್ಟ್ 5 ಅಮೆರಿಕದ ಕ್ರಮದಲ್ಲಿ ಮೇ 8 ಆಗಿಬಿಡಬಹುದು. ಜನ್ಮದಿನಾಂಕ ತಿಂಗಳುಗಟ್ಟಲೆ ಹೆಚ್ಚುಕಮ್ಮಿಯಾದರೆ ವಯಸ್ಸಿನ ಆಧಾರದ ಮೇಲೆ ನಿಂತಿರುವ ನಮ್ಮ ಐಕ್ಯೂ, ಭಾಷಾ ಪರೀಕ್ಷೆಗಳ ಲೆಕ್ಕವೂ ತಪ್ಪುತ್ತದೆ. ದಿನ 12ಕ್ಕಿಂತ ಹೆಚ್ಚಿರುವ ತಾರೀಖುಗಳು ಸರಿಯಾಗಿ ಬಂದಿವೆ ಎಂದು ಸಮಾಧಾನಪಡಬೇಡಿ, 1ರಿಂದ 12ರೊಳಗಿನವನ್ನು ಹುಡುಕಿ ಮೂಲದ ಜೊತೆ ಹೋಲಿಸಿ.

ಹೆಸರುಗಳಿಗೂ ಸಮಯ ಕೊಡಿ. ಇನಿಷಿಯಲ್ ಮುಂದೆ ಬರೆಯುವವರು, ಹಿಂದೆ ಬರೆಯುವವರು, ಸರ್‌ನೇಮ್ ಇಲ್ಲದವರು ನಮ್ಮಲ್ಲಿ ಎಲ್ಲರೂ ಇದ್ದಾರೆ. ಒಂದೇ ಹೆಸರು, ಒಂದೇ ಫೋನ್ ನಂಬರ್ ಇದ್ದರೆ ಸಾಫ್ಟ್‌ವೇರ್ “ಇವರಿಬ್ಬರೂ ಒಬ್ಬರೇ, ಸೇರಿಸಲೇ?” ಎನ್ನುತ್ತದೆ. ಅವಳಿ ಮಕ್ಕಳ ಫೈಲುಗಳು ಹೀಗೆ ಒಂದಾಗಿಬಿಡುತ್ತವೆ. ತಾನಾಗಿ ವಿಲೀನ ಮಾಡುವುದನ್ನು ನಿಲ್ಲಿಸಿ, ಹಳೆಯ ಫೈಲ್ ಸಂಖ್ಯೆಯನ್ನೇ ಗುರುತಾಗಿಟ್ಟುಕೊಳ್ಳಿ.

ಫೋನ್ ನಂಬರ್ ಯಾರದು

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಳಜಿ ವಹಿಸಿ ಎನ್ನುವುದು ಇಲ್ಲಿ. ಹೊಸ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಅಪಾಯಿಂಟ್‌ಮೆಂಟಿನ ಹಿಂದಿನ ದಿನ ಎಸ್ಸೆಮ್ಮೆಸ್ ಅಥವಾ ವಾಟ್ಸಾಪ್ ಕಳಿಸುತ್ತವೆ. ಡೇಟಾ ತುಂಬಿದ ಗಳಿಗೆಯಿಂದಲೇ ಇದು ತಾನಾಗಿ ಶುರುವಾಗಬಹುದು. ನಮ್ಮಲ್ಲಿಗೆ ಬರುವ ಎಷ್ಟೋ ಹೆಣ್ಣುಮಕ್ಕಳು ಕೊಟ್ಟಿರುವುದು ಗಂಡನ ನಂಬರ್, ಅಣ್ಣನ ನಂಬರ್. ಕೆಲವರು ಬ್ಯಾಂಕಿಗೆ ಹೋಗಿಬರುತ್ತೇನೆ ಎಂದು ಹೇಳಿ ಬರುತ್ತಾರೆ. ಹೊಡೆತ ತಿನ್ನುತ್ತಿರುವ ಹೆಂಗಸಿನ ಗಂಡನ ಮೊಬೈಲಿಗೆ “ನಾಳೆ 11ಕ್ಕೆ ಕೌನ್ಸೆಲಿಂಗ್” ಎಂದು ಹೋದರೆ ಆ ರಾತ್ರಿ ಆ ಮನೆಯಲ್ಲಿ ಏನಾಗುತ್ತದೆ?

ಆದ್ದರಿಂದ ಮೊದಲು ಎಲ್ಲ ಸಂದೇಶಗಳನ್ನೂ ಬಂದ್ ಮಾಡಿಸಿ, ಆಮೇಲೆ ಡೇಟಾ ತುಂಬಿಸಿ. ನಂತರ ಪ್ರತಿಯೊಬ್ಬರನ್ನೂ, ಅವರು ಕೋಣೆಯಲ್ಲಿ ಒಬ್ಬರೇ ಇರುವಾಗ ಕೇಳಿ: “ಈ ನಂಬರ್ ನಿಮ್ಮ ಹತ್ರಾನೇ ಇರುತ್ತಾ? ಬೇರೆ ಯಾರಾದ್ರೂ ನೋಡ್ತಾರಾ? ಮೆಸೇಜ್ ಬರಬಹುದಾ, ಬೇಡವಾ?” ಉತ್ತರ ಸಿಕ್ಕವರಿಗೆ ಮಾತ್ರ ಒಂದೊಂದಾಗಿ ಚಾಲೂ ಮಾಡಿ. ಸಂದೇಶದಲ್ಲಿ ಸೈಕಾಲಜಿ, ಥೆರಪಿ, ಕೌನ್ಸೆಲಿಂಗ್ ಎಂಬ ಪದ ಬೇಡ, ಥೆರಪಿಸ್ಟರ ಹೆಸರೂ ಬೇಡ. ನಾವು “ನಾಳೆ ಬೆಳಿಗ್ಗೆ 11ಕ್ಕೆ ನಿಮ್ಮ ಸಮಯ ನಿಗದಿಯಾಗಿದೆ” ಎಂದಷ್ಟೇ ಬರೆದಿದ್ದೇವೆ. ಎಸ್ಸೆಮ್ಮೆಸ್ ಕಳಿಸಿದವರ ಜಾಗದಲ್ಲಿ, ಯುಪಿಐ ರಸೀದಿಯಲ್ಲಿ ಯಾವ ಹೆಸರು ಕಾಣುತ್ತದೆ ಎಂದೂ ನಿಮ್ಮ ಸ್ವಂತ ಮೊಬೈಲಿಗೆ ಕಳಿಸಿಕೊಂಡು ನೋಡಿ.

ಮಕ್ಕಳ ಫೈಲಿನಲ್ಲಿ ಇನ್ನೊಂದು ತೊಡಕಿದೆ. ಅಪ್ಪ ಅಮ್ಮ ಬೇರೆಯಾಗಿದ್ದರೆ ಮಗುವಿನ ದಾಖಲೆ ನೋಡುವ ಪೋರ್ಟಲ್ ಲಾಗಿನ್ ಯಾರಿಗೆ? ಕೋರ್ಟಿನ ಆದೇಶ ನೋಡದೆ ಯಾರಿಗೂ ತೆರೆಯಬೇಡಿ. 18 ತುಂಬಿದವರ ಫೈಲಿನಿಂದ ತಂದೆತಾಯಿಯ ನಂಬರ್ ಯಾವಾಗ ತೆಗೆಯಬೇಕು ಎಂದು ಆ ಹುಡುಗ ಹುಡುಗಿಯರನ್ನೇ ಕೇಳಿ.

ಕೈಯಾರೆ ಬರೆಯಬೇಕಾದವು

ಆತ್ಮಹತ್ಯೆಯ ಯೋಚನೆ ಇರುವವರ ಸುರಕ್ಷತಾ ಯೋಜನೆಯನ್ನು ಯಂತ್ರಕ್ಕೆ ಬಿಡಬೇಡಿ. ಹಳೆಯ ಸಾಫ್ಟ್‌ವೇರಿನಲ್ಲಿ ಕೆಂಪು ಬಣ್ಣದಲ್ಲಿದ್ದ ಎಚ್ಚರಿಕೆ ಹೊಸದರಲ್ಲಿ ಉದ್ದನೆಯ ಟಿಪ್ಪಣಿಯೊಳಗೆ ಒಂದು ಸಾಲಾಗಿ ಮುಳುಗಿಹೋಗುತ್ತದೆ. ಇಂಥವರ ಪಟ್ಟಿಯನ್ನು ಮೊದಲೇ ಕೈಯಲ್ಲಿ ಬರೆದು, ಹೊಸ ವ್ಯವಸ್ಥೆಗೆ ಮೊಟ್ಟಮೊದಲು ಅವರ ಫೈಲನ್ನೇ ತುಂಬಿಸಿ. ಖಿನ್ನತೆ ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯೂ-9ರ ಒಟ್ಟು ಅಂಕ ಮಾತ್ರ ಬಂದರೆ ಸಾಲದು, ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಕೊಟ್ಟ ಉತ್ತರ ಪ್ರತ್ಯೇಕವಾಗಿ ಕಾಣಬೇಕು. ಒಟ್ಟು ಅಂಕ ಕಡಿಮೆಯಿದ್ದೂ ಸಾಯುವ ಯೋಚನೆ ಇರುವವರಿದ್ದಾರೆ. ತುರ್ತಿನಲ್ಲಿ ಅವರ ಮನೆಯ ಯಾರಿಗೆ ಕರೆ ಮಾಡಬೇಕು, ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ, ಇವೆಲ್ಲ ಫೈಲಿನ ಮೊದಲ ಪರದೆಯಲ್ಲೇ ಇರಲಿ.

ರೋಗನಿರ್ಣಯದ ಕೋಡುಗಳೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹಳೆಯ ಆವೃತ್ತಿ ಐಸಿಡಿ-10ರಲ್ಲಿದ್ದದ್ದನ್ನು ಸಾಫ್ಟ್‌ವೇರ್ ತಾನಾಗಿ ಹೊಸ ಐಸಿಡಿ-11ಕ್ಕೆ ಬದಲಿಸಲು ಬಿಡಬೇಡಿ. ಹಿಂದೆ ಎಫ್84.5 ಎಂದು ಆಸ್ಪರ್ಜರ್ ಬರೆಸಿಕೊಂಡ ಹುಡುಗ ಹೊಸದರಲ್ಲಿ 6ಎ02, ಅಂದರೆ ಆಟಿಸಂ ಸ್ಪೆಕ್ಟ್ರಂ ಆಗುತ್ತಾನೆ. ಮನೆಯವರ ಜೊತೆ ಕೂತು ಮಾತಾಡದೆ ಮಾಡುವ ಬದಲಾವಣೆ ಅಲ್ಲ ಅದು. ಹಳೆಯ ಕೋಡ್ ಹಾಗೇ ಇರಲಿ, ಮುಂದಿನ ಪರಿಶೀಲನೆಯಲ್ಲಿ ಹೊಸದನ್ನು ಸೇರಿಸಿ. ಮುಂಗಡ ಕಟ್ಟಿದ ಸೆಷನ್ನುಗಳಲ್ಲಿ ಎಷ್ಟು ಬಾಕಿಯಿದೆ ಎಂಬುದನ್ನೂ ರಸೀದಿ ಪುಸ್ತಕ ನೋಡಿ ಕೈಯಲ್ಲೇ ತುಂಬಿಸಿ.

ಬದಲಾಯಿಸುವ ವಾರ

ಆ ವಾರ ಅಪಾಯಿಂಟ್‌ಮೆಂಟ್ ಅರ್ಧಕ್ಕೆ ಇಳಿಸಿ, ಸೆಷನ್ ನಡುವೆ ಬಿಡುವು ಹೆಚ್ಚಿಡಿ. ಸೆಷನ್ ನಡೆಯುವಾಗ ಪರದೆ ನೋಡುತ್ತಾ ಟೈಪ್ ಮಾಡುವುದು ಬೇಡ, ಅಳುತ್ತಿರುವವರ ಎದುರು ಡ್ರಾಪ್‌ಡೌನ್ ಹುಡುಕುತ್ತಾ ಕೂರಬಾರದು. ಹಿಂದಿನ ಸಂಜೆಯೇ ಮರುದಿನದ ಪಟ್ಟಿಯನ್ನು ಮುದ್ರಿಸಿಟ್ಟುಕೊಳ್ಳಿ, ಕರೆಂಟ್ ಹೋದರೂ ಇಂಟರ್ನೆಟ್ ಹೋದರೂ ಕೆಲಸ ನಡೆಯುತ್ತದೆ. ಸಂಜೆ ಆ ಕಾಗದವನ್ನು ಶ್ರೆಡರಿಗೆ ಹಾಕಿ. ಒಬ್ಬೊಬ್ಬರಿಗೂ ಅವರದೇ ಲಾಗಿನ್ ಇರಬೇಕು. “ಮೇಡಂ ಪಾಸ್‌ವರ್ಡಲ್ಲೇ ತೆಗೀತೀನಿ” ಎಂಬ ರೂಢಿಯನ್ನು ಮೊದಲ ದಿನವೇ ನಿಲ್ಲಿಸಿ.

ಬರುವವರಿಗೂ ತಿಳಿಸಿ. ಕೌಂಟರಿನಲ್ಲಿ ಕನ್ನಡದಲ್ಲೇ ಒಂದು ಪುಟ ಇಡಿ: ನಿಮ್ಮ ದಾಖಲೆ ಈಗ ಎಲ್ಲಿದೆ, ಯಾರು ನೋಡಬಲ್ಲರು, ಪ್ರತಿ ಬೇಕಿದ್ದರೆ ಹೇಗೆ ಕೇಳಬೇಕು. ಓದಲು ಬಾರದವರಿಗೆ ಓದಿ ಹೇಳಿ. ಕಂಪ್ಯೂಟರಿನಲ್ಲಿ ಬೇಡ ಎನ್ನುವವರಿಗೆ ಕಾಗದದ ಫೈಲ್ ಇಟ್ಟುಕೊಡುವಷ್ಟು ತಾಳ್ಮೆ ನಮಗಿರಬೇಕು.

ಹಳೆಯ ಖಾತೆಯನ್ನು ಕೂಡಲೇ ಮುಚ್ಚಬೇಡಿ. ಎರಡು ಮೂರು ತಿಂಗಳು ಓದಲು ಮಾತ್ರ ಬರುವಂತೆ ಇಟ್ಟು, ಬೇಕಾದಾಗ ಹೋಲಿಸಿ. ಅದರಲ್ಲಿ ಹಳೆಯ ರಿಮೈಂಡರ್‌ಗಳು ಇನ್ನೂ ಹೋಗುತ್ತಿವೆಯೇ ಎಂದು ಮೊದಲ ವಾರವೇ ನೋಡಿ ನಿಲ್ಲಿಸಿ. ಆಮೇಲೆ ಪೂರ್ತಿ ಪ್ರತಿಯನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ ಎರಡು ಹಾರ್ಡ್‌ಡಿಸ್ಕುಗಳಿಗೆ ಇಳಿಸಿಕೊಂಡು, ಎರಡನ್ನೂ ತೆರೆದು ನೋಡಿ, ಒಂದನ್ನು ಕ್ಲಿನಿಕ್ಕಿನ ಬೀರುವಿನಲ್ಲೂ ಇನ್ನೊಂದನ್ನು ಬ್ಯಾಂಕ್ ಲಾಕರಿನಲ್ಲೂ ಇಡಿ. ಹಳೆಯ ಕಂಪನಿ ತನ್ನ ಸರ್ವರಿನಿಂದಲೂ ಬ್ಯಾಕಪ್ಪಿನಿಂದಲೂ ನಮ್ಮ ದಾಖಲೆ ಅಳಿಸಿದ್ದಾಗಿ ಲಿಖಿತವಾಗಿ ಕೊಡುವವರೆಗೆ ಕೊನೆಯ ಕಂತಿನ ಹಣ ಕೊಡಬೇಡಿ.